ಮಾಗಿ ಚಳಿಯಲ್ಲಿ ಎಳೆಗೂಸು: ಎಷ್ಟು ಬಟ್ಟೆ ಹಾಕಬೇಕು, ಯಾಕೆ?

"ಮಗುವಿನ ಕೈ ತಣ್ಣಗಿದೆ, ಇನ್ನೊಂದು ಸ್ವೆಟರ್ ಹಾಕಲಾ?" ಡಿಸೆಂಬರ್ ಬಂತೆಂದರೆ ಬಾಣಂತಿ ಇರುವ ಮನೆಯಲ್ಲಿ ದಿನಕ್ಕೆ ಹತ್ತು ಸಲ ಕೇಳಿಬರುವ ಮಾತು ಇದು. ಅಜ್ಜಿ ಹಾಕು ಅನ್ನುತ್ತಾರೆ. ಡಾಕ್ಟರು ಜಾಸ್ತಿ ಸುತ್ತಬೇಡಿ ಅಂದಿರುತ್ತಾರೆ. ನೋಡಲು ಬಂದ ನೆಂಟರು ಕಿವಿಗೆ ಹತ್ತಿ ಇಟ್ಟಿಲ್ವಾ ಅಂತ ಕೇಳುತ್ತಾರೆ. ಯಾರ ಮಾತು ಕೇಳಬೇಕೋ ತಿಳಿಯದೆ ಹೊಸ ತಾಯಿ ಕಂಗಾಲಾಗುತ್ತಾಳೆ.

ನಮ್ಮ ರಾಜ್ಯದ ಚಳಿಯೂ ಸಣ್ಣದೇನಲ್ಲ. ಬೆಂಗಳೂರಿನಲ್ಲಿ 1884ರ ಜನವರಿ 13ರಂದು ತಾಪಮಾನ 7.8 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ಬೀದರ್, ವಿಜಯಪುರ, ಕಲಬುರಗಿ ಕಡೆ ಉತ್ತರದಿಂದ ಒಣಗಾಳಿ ಬೀಸಿದರೆ ಹವಾಮಾನ ಇಲಾಖೆ ಶೀತಗಾಳಿ ಎಚ್ಚರಿಕೆ ಕೊಡುತ್ತದೆ. ಬಯಲು ಸೀಮೆಯಲ್ಲಿ ಕನಿಷ್ಠ ತಾಪಮಾನ 10 ಡಿಗ್ರಿ ಅಥವಾ ಅದಕ್ಕಿಂತ ಕೆಳಗಿಳಿದು, ವಾಡಿಕೆಗಿಂತ ಕನಿಷ್ಠ ನಾಲ್ಕೂವರೆ ಡಿಗ್ರಿ ಕಡಿಮೆಯಾದರೆ ಅದನ್ನು ಶೀತಗಾಳಿ ಅನ್ನುತ್ತಾರೆ. ಆ ಎಚ್ಚರಿಕೆ ಟಿವಿಯಲ್ಲಿ ಬಂದ ದಿನ ಮನೆಯಲ್ಲಿರುವ ಸ್ವೆಟರ್‌ಗಳೆಲ್ಲ ಮಗುವಿನ ಮೈಮೇಲೆ ಬರುತ್ತವೆ.

ಆದರೆ ಮಗುವಿನ ಮೈಗೆ ಎಷ್ಟು ಬಟ್ಟೆ ಬೇಕು ಅನ್ನುವುದನ್ನು ಟಿವಿ ಹೇಳಲಾರದು. ಮಗುವಿನ ಮೈಯೇ ಹೇಳುತ್ತದೆ. ಅದನ್ನು ಕೇಳಿಸಿಕೊಳ್ಳುವುದು ಹೇಗೆ ಅನ್ನುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಮಗಿಂತ ಕೂಸಿಗೆ ಚಳಿ ಜಾಸ್ತಿ ಯಾಕೆ?

ಒಲೆಯಿಂದ ಇಳಿಸಿದ ಒಂದು ಪಾತ್ರೆ ಹಾಲಿನಲ್ಲಿ ಒಂದು ಪುಟ್ಟ ಲೋಟದಷ್ಟನ್ನು ಬೇರೆ ತೆಗೆದಿಡಿ. ಲೋಟದ ಹಾಲು ಮೊದಲು ಆರುತ್ತದೆ. ಎರಡೂ ಒಂದೇ ಹಾಲು, ಒಂದೇ ಬಿಸಿ. ಆದರೆ ಲೋಟದಲ್ಲಿ ಹಾಲು ಕಡಿಮೆ, ಆ ಹಾಲಿನ ಲೆಕ್ಕಕ್ಕೆ ಗಾಳಿಗೆ ಒಡ್ಡಿಕೊಂಡ ಮೈ ಜಾಸ್ತಿ. ಎಳೆಗೂಸು ಆ ಲೋಟದ ಹಾಗೆ. ಪ್ರತಿ ಕಿಲೋ ತೂಕಕ್ಕೆ ಲೆಕ್ಕ ಹಾಕಿದರೆ ಕೂಸಿನ ಚರ್ಮದ ಹರವು ದೊಡ್ಡವರಿಗಿಂತ ಎರಡೂವರೆಯಿಂದ ಮೂರು ಪಟ್ಟು ಇರುತ್ತದೆ. ಶಾಖ ಹೊರಹೋಗಲು ಅಷ್ಟು ಜಾಗ ಜಾಸ್ತಿ.

ಅದರಲ್ಲೂ ತಲೆ ದೊಡ್ಡದು. ನಮ್ಮ ತಲೆ ನಮ್ಮ ಎತ್ತರದ ಏಳೆಂಟರಲ್ಲಿ ಒಂದು ಪಾಲು. ಹುಟ್ಟಿದ ಕೂಸಿನ ತಲೆ ಅದರ ಉದ್ದದ ನಾಲ್ಕರಲ್ಲಿ ಒಂದು ಪಾಲು. ಚರ್ಮ ತೆಳು, ಚರ್ಮದ ಕೆಳಗಿನ ಕೊಬ್ಬೂ ತೆಳು. ತಿಂಗಳು ತುಂಬುವ ಮೊದಲೇ ಹುಟ್ಟಿದ, ಅಥವಾ ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಮಗುವಿಗೆ ಆ ಕೊಬ್ಬು ಇನ್ನೂ ಕಡಿಮೆ.

ಇನ್ನೊಂದು ಮಾತು ಇದೆ. ಚಳಿಯಾದರೆ ನಾವು ಮುದುರಿ ಕೂರುತ್ತೇವೆ, ಎದ್ದು ಕಂಬಳಿ ತರುತ್ತೇವೆ. ಸೆಕೆಯಾದರೆ ಹೊದಿಕೆ ಒದೆಯುತ್ತೇವೆ. ಕೂಸಿಗೆ ಇದ್ಯಾವುದೂ ಆಗದು. ಎರಡಕ್ಕೂ ಅದಕ್ಕಿರುವುದು ಒಂದೇ ಅಳು.

ನಡುಗದೆ ಬೆಚ್ಚಗಾಗುವ ಮೈ

ಎಳೆಗೂಸು ಚಳಿಗೆ ನಮ್ಮ ಹಾಗೆ ನಡುಗುವುದಿಲ್ಲ. ಹಾಗಾಗಿ "ನಡುಗ್ತಿಲ್ಲ, ಚಳಿ ಇಲ್ಲ" ಅನ್ನುವುದು ತಪ್ಪು ಲೆಕ್ಕ.

ಅದಕ್ಕೆ ಬೇರೊಂದು ವ್ಯವಸ್ಥೆ ಇದೆ. ಬೆನ್ನಿನ ಎರಡು ರೆಕ್ಕೆಮೂಳೆಗಳ ನಡುವೆ, ಕುತ್ತಿಗೆಯ ಸುತ್ತ, ಮೂತ್ರಪಿಂಡಗಳ ಸುತ್ತ ಒಂದು ಬಗೆಯ ಕಂದು ಕೊಬ್ಬು ಇರುತ್ತದೆ. ಸಾಮಾನ್ಯ ಕೊಬ್ಬು ಕಣಜದ ಕಾಳಿನಂತೆ, ಕೂಡಿಟ್ಟದ್ದು. ಕಂದು ಕೊಬ್ಬು ಒಲೆಯ ಪಕ್ಕದಲ್ಲಿ ಜೋಡಿಸಿಟ್ಟ ಸೌದೆಯಂತೆ, ಉರಿಸುವುದಕ್ಕೇ ಇರುವುದು. ಚರ್ಮಕ್ಕೆ ತಂಪು ತಾಗಿತೆಂದರೆ ಮೈ ಈ ಸೌದೆಯನ್ನು ಉರಿಸಿ ರಕ್ತವನ್ನು ಬಿಸಿ ಮಾಡುತ್ತದೆ.

ಆದರೆ ಸೌದೆ ಸುಮ್ನೆ ಉರಿಯುವುದಿಲ್ಲ. ಅದಕ್ಕೆ ಆಮ್ಲಜನಕ ಬೇಕು, ಸಕ್ಕರೆ ಬೇಕು. ಮಗು ಹೊತ್ತುಹೊತ್ತಿಗೂ ಚಳಿಯಲ್ಲೇ ಇದ್ದರೆ ಕುಡಿದ ಹಾಲಿನ ಶಕ್ತಿಯೆಲ್ಲ ಮೈ ಬೆಚ್ಚಗಿಡುವುದಕ್ಕೇ ಖರ್ಚಾಗುತ್ತದೆ. ತೂಕ ಏರುವುದಿಲ್ಲ. ರಕ್ತದ ಸಕ್ಕರೆ ಇಳಿಯಬಹುದು. ಸುಸ್ತಾದ ಮಗು ಹಾಲು ಕುಡಿಯುವುದು ಕಡಿಮೆ ಮಾಡುತ್ತದೆ, ಹಾಲು ಕಡಿಮೆಯಾದರೆ ಸೌದೆ ಇನ್ನೂ ಕಡಿಮೆ. ಈ ಸುತ್ತು ಶುರುವಾಗದ ಹಾಗೆ ನೋಡಿಕೊಳ್ಳುವುದೇ ಬಟ್ಟೆಯ ಕೆಲಸ. ಚಳಿಗಾಲದಲ್ಲಿ ಎದೆಹಾಲನ್ನು ಪದೇ ಪದೇ ಕೊಡಿ ಅನ್ನುವುದೂ ಇದಕ್ಕೇ.

ಶಾಖ ಕದಿಯುವ ನಾಲ್ಕು ದಾರಿ

ಮೈಯ ಬಿಸಿ ಹೊರಹೋಗುವ ದಾರಿಗಳು ತಿಳಿದರೆ ಯಾವ ದಾರಿಗೆ ಏನು ಅಡ್ಡ ಇಡಬೇಕು ಅನ್ನುವುದು ತಾನಾಗಿಯೇ ಹೊಳೆಯುತ್ತದೆ.

ಒಂದು, ಒದ್ದೆ. ಮಣ್ಣಿನ ಮಡಕೆಯಲ್ಲಿ ನೀರು ತಣ್ಣಗಾಗುವುದು ಹೇಗೆ? ಮಡಕೆಯ ಹೊರಮೈಯಲ್ಲಿ ಜಿನುಗಿದ ನೀರು ಆವಿಯಾಗುತ್ತಾ ಒಳಗಿನ ಬಿಸಿಯನ್ನು ಹೊತ್ತೊಯ್ಯುತ್ತದೆ. ಸ್ನಾನ ಮಾಡಿಸಿ ಒರೆಸದ ತಲೆ, ಒದ್ದೆಯಾದ ಲಂಗೋಟಿ, ಜೊಲ್ಲು ಸುರಿದು ತೊಯ್ದ ಕುತ್ತಿಗೆ ಎಲ್ಲವೂ ಮಡಕೆಯ ಕೆಲಸವನ್ನೇ ಮಾಡುತ್ತವೆ. ನಾಲ್ಕರಲ್ಲಿ ಎಳೆಗೂಸಿಗೆ ಹೆಚ್ಚು ಕೆಟ್ಟದ್ದು ಇದೇ. ಹುಟ್ಟಿದ ತಕ್ಷಣ ಒರೆಸಿ ಬೆಚ್ಚಗಿಡದಿದ್ದರೆ ಮೊದಲ ಹತ್ತಿಪ್ಪತ್ತು ನಿಮಿಷದಲ್ಲೇ ಮಗುವಿನ ಮೈ 2ರಿಂದ 4 ಡಿಗ್ರಿ ತಣ್ಣಗಾಗಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸುತ್ತದೆ.

ಎರಡು, ಗಾಳಿ. ಬಿಸಿ ಕಾಫಿಗೆ ಊದಿದರೆ ಆರುವ ಹಾಗೆ, ಬಾಗಿಲ ಸಂದಿನಿಂದ ಬರುವ ಗಾಳಿ ಮೈ ಸುತ್ತಲಿನ ಬೆಚ್ಚನೆಯ ಗಾಳಿಯನ್ನು ತಳ್ಳಿಕೊಂಡು ಹೋಗುತ್ತದೆ. ಫ್ಯಾನ್ ಕೆಳಗೂ ಇದೇ ಕಥೆ.

ಮೂರು, ಮುಟ್ಟುವುದು. ತಣ್ಣನೆಯ ನೆಲ, ತೂಕ ನೋಡುವ ತಕ್ಕಡಿ, ರಬ್ಬರ್ ಶೀಟು ಇವು ನೇರವಾಗಿ ಬಿಸಿ ಎಳೆದುಕೊಳ್ಳುತ್ತವೆ.

ನಾಲ್ಕನೆಯದು ಕಣ್ಣಿಗೆ ಕಾಣದು. ಒಲೆ ಮುಂದೆ ಕೂತರೆ ಮುಟ್ಟದೆಯೂ ಬಿಸಿ ತಾಗುತ್ತದೆ ಅಲ್ವಾ? ಅದೇ ರೀತಿ ಮಗುವಿನ ಮೈಯಿಂದ ಹತ್ತಿರದ ತಣ್ಣನೆಯ ಕಲ್ಲುಗೋಡೆಗೆ, ಕಿಟಕಿಯ ಗಾಜಿಗೆ ಮುಟ್ಟದೆಯೇ ಶಾಖ ಹರಿಯುತ್ತದೆ. ತೊಟ್ಟಿಲನ್ನು ಹೊರಗೋಡೆಯಿಂದ, ಕಿಟಕಿಯಿಂದ ಸ್ವಲ್ಪ ದೂರ ಸರಿಸಿದರೆ ಒಂದು ಸ್ವೆಟರ್ ಉಳಿದೀತು.

ಬಟ್ಟೆ ಬಿಸಿ ಕೊಡುವುದಿಲ್ಲ, ಬಿಸಿ ಹಿಡಿದಿಡುತ್ತದೆ

ಸ್ವೆಟರ್‌ನಲ್ಲಿ ಬಿಸಿ ಇಲ್ಲ. ಅದನ್ನು ಕುರ್ಚಿಗೆ ಹಾಕಿದರೆ ಕುರ್ಚಿ ಬೆಚ್ಚಗಾಗುವುದಿಲ್ಲ. ಬಿಸಿ ಮಗುವಿನದೇ. ಬಟ್ಟೆ ತನ್ನ ಎಳೆಗಳ ನಡುವೆ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಅಲುಗಾಡದ ಆ ಗಾಳಿ ಬಿಸಿಯನ್ನು ಹೊರಬಿಡುವುದಿಲ್ಲ.

ಇದು ನಮ್ಮ ಕೌದಿ ಹೊಲಿಯುವ ಹೆಣ್ಣುಮಕ್ಕಳಿಗೆ ಯಾವಾಗಿನಿಂದಲೋ ಗೊತ್ತು. ಹಳೇ ಸೀರೆಯ ಒಂದು ಪದರ ಚಳಿಗೆ ಏನೇನೂ ಸಾಲದು. ಅದನ್ನೇ ನಾಲ್ಕೈದು ಪದರ ಮಾಡಿ, ತುಂಡುಗಳನ್ನು ಜೋಡಿಸಿ, ಸಾಲು ಸಾಲು ಹೊಲಿಗೆ ಹಾಕಿದರೆ ಮಾಗಿಯ ಚಳಿಯೂ ತಡೆಯುತ್ತದೆ. ಪದರ ಪದರದ ನಡುವೆ ಸಿಕ್ಕಿಕೊಂಡ ಗಾಳಿಯೇ ಅಲ್ಲಿನ ಬೆಚ್ಚನೆ. ಹಳೇ ಹತ್ತಿಬಟ್ಟೆ ಮೆತ್ತಗಾಗಿರುವುದರಿಂದ ಕೂಸಿಗೆ ಚುಚ್ಚುವುದೂ ಇಲ್ಲ.

ಇದರಿಂದ ಮೂರು ವಿಷಯ ಗೊತ್ತಾಗುತ್ತದೆ. ದಪ್ಪನೆಯ ಒಂದು ಬಟ್ಟೆಗಿಂತ ತೆಳುವಾದ ಎರಡು ಮೂರು ಬಟ್ಟೆ ಮೇಲು, ಬೇಕಾದಾಗ ಒಂದನ್ನು ತೆಗೆಯಲೂಬಹುದು. ಬಟ್ಟೆ ಬಿಗಿಯಾಗಿದ್ದರೆ ಗಾಳಿಗೆ ಜಾಗವೇ ಇರದು. ಕಾಲುಚೀಲದ ಮೇಲೆ ಇನ್ನೊಂದು ಬಿಗಿ ಕಾಲುಚೀಲ ತುರುಕಿದರೆ ಪಾದ ತಣ್ಣಗೇ ಇರುತ್ತದೆ, ರಕ್ತದ ಓಡಾಟವೂ ಕಡಿಮೆಯಾಗುತ್ತದೆ. ಇನ್ನು ಬಟ್ಟೆ ಒದ್ದೆಯಾದರೆ ಗಾಳಿಯ ಜಾಗವನ್ನು ನೀರು ಹಿಡಿಯುತ್ತದೆ, ಆಗ ಹತ್ತು ಪದರ ಇದ್ದರೂ ಒಂದೇ. ರಾತ್ರಿ ಲಂಗೋಟಿ ಒದ್ದೆಯಾದದ್ದು ಗೊತ್ತಾಗದೆ ಬೆನ್ನಿನವರೆಗೂ ಜಬಲಾ ತೊಯ್ದಿರುತ್ತದೆ. ಮೇಲಿನ ಸ್ವೆಟರ್ ಮಾತ್ರ ಒಣಗಿರುತ್ತದೆ, ನೋಡಿದವರಿಗೆ ಮಗು ಬೆಚ್ಚಗಿದೆ ಅನಿಸುತ್ತದೆ.

ಮೈಗೆ ತಾಗುವ ಬಟ್ಟೆ ಯಾವಾಗಲೂ ಹತ್ತಿಯದೇ ಆಗಿರಲಿ. ಅದು ಬೆವರು ಹೀರುತ್ತದೆ, ಉಜ್ಜುವುದಿಲ್ಲ. ಉಣ್ಣೆ ಅದರ ಮೇಲೆ. ಉಣ್ಣೆಯ ಎಳೆ ಗುಂಗುರು ಗುಂಗುರಾಗಿರುವುದರಿಂದ ಗಾಳಿಯನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ ನೇರವಾಗಿ ಮೈಗೆ ತಾಗಿದರೆ ಕೂಸಿನ ಚರ್ಮ ಕೆಂಪಾಗುತ್ತದೆ.

ಹಾಗಾದರೆ ಎಷ್ಟು ಪದರ?

ಎಲ್ಲ ಕಡೆ ಮಕ್ಕಳ ವೈದ್ಯರು ಹೇಳುವ ಅಳತೆ ಸರಳವಾಗಿದೆ. ಅದೇ ಕೋಣೆಯಲ್ಲಿ ನಿಮಗೆ ಹಿತವಾಗಿರಲು ಎಷ್ಟು ಪದರ ಬೇಕೋ, ಮಗುವಿಗೆ ಅದಕ್ಕಿಂತ ಒಂದು ಪದರ ಜಾಸ್ತಿ. ಹುಟ್ಟಿ ಕೆಲವೇ ದಿನವಾದ ಅಥವಾ ತೂಕ ಕಡಿಮೆ ಇರುವ ಕೂಸಿಗೆ ಎರಡು ಪದರ ಜಾಸ್ತಿ ಬೇಕಾಗಬಹುದು.

ಬೆಂಗಳೂರಿನ ಡಿಸೆಂಬರ್ ರಾತ್ರಿಯನ್ನೇ ತೆಗೆದುಕೊಳ್ಳಿ. ಕಿಟಕಿ ಮುಚ್ಚಿದ ಕೋಣೆಯಲ್ಲಿ ನೀವು ಒಂದು ತುಂಬುತೋಳಿನ ಬಟ್ಟೆ ಹಾಕಿ, ಒಂದು ಹೊದಿಕೆ ಹೊದ್ದು ಮಲಗುತ್ತೀರಿ. ಮಗುವಿಗೆ ಒಳಗೊಂದು ಹತ್ತಿ ಜಬಲಾ, ಮೇಲೆ ತುಂಬುತೋಳಿನ ಅಂಗಿ ಮತ್ತು ಚಡ್ಡಿ, ಕಾಲುಚೀಲ, ಅದರ ಮೇಲೆ ಒಂದು ತೆಳು ಸ್ವೆಟರ್ ಅಥವಾ ಸುತ್ತುವ ಬಟ್ಟೆ ಸಾಕು. ಬೀದರಿನಲ್ಲೋ ಮಡಿಕೇರಿಯಲ್ಲೋ ಬೆಳಗಿನ ಜಾವ ಇದಕ್ಕೆ ಇನ್ನೊಂದು ಪದರ, ತಲೆಗೊಂದು ಟೋಪಿ ಸೇರುತ್ತದೆ.

ನಮ್ಮಲ್ಲಿ ತಪ್ಪುವುದು ಹೆಚ್ಚಾಗಿ ರಾತ್ರಿಯಲ್ಲಿ ಅಲ್ಲ, ಮಧ್ಯಾಹ್ನ. ಯುರೋಪಿನ ಚಳಿ ದಿನವಿಡೀ ಚಳಿಯೇ. ನಮ್ಮದು ಹಾಗಲ್ಲ. ಉತ್ತರ ಕರ್ನಾಟಕದಲ್ಲಿ ಬೆಳಗ್ಗೆ 12 ಡಿಗ್ರಿ ಇದ್ದದ್ದು ಮಧ್ಯಾಹ್ನ 28ಕ್ಕೆ ಏರುವುದು ಹೊಸದೇನಲ್ಲ. ಒಣಗಾಳಿ, ಮೋಡವಿಲ್ಲದ ಆಕಾಶ ಇದ್ದಾಗ ನೆಲ ಹಗಲು ಬೇಗ ಕಾಯುತ್ತದೆ, ರಾತ್ರಿ ಬೇಗ ಆರುತ್ತದೆ. ಬೆಳಗ್ಗೆ ಆರಕ್ಕೆ ತೊಡಿಸಿದ ಬಟ್ಟೆಯಲ್ಲೇ ಮಗು ಮಧ್ಯಾಹ್ನ ಎರಡಕ್ಕೂ ಇದ್ದರೆ ಅದು ಚಳಿಗಾಲದಲ್ಲೂ ಸೆಕೆಯಲ್ಲಿ ಬೇಯುತ್ತಿರುತ್ತದೆ. ಬಿಸಿಲು ಏರಿದಂತೆ ಒಂದೊಂದೇ ಪದರ ಕಳಚಿ, ಸಂಜೆ ಮತ್ತೆ ಹಾಕಿ.

ಕೈ ಮುಟ್ಟಿ ಅಲ್ಲ, ಹೊಟ್ಟೆ ಮುಟ್ಟಿ ನೋಡಿ

ನನ್ನ ತಂಗಿಯ ಎರಡನೇ ಬಾಣಂತನ ಬೀದರಿನ ಅವಳ ಗಂಡನ ಮನೆಯಲ್ಲಿ ಆಯಿತು. ಜನವರಿ ಚಳಿ. ಕೂಸಿಗೆ ಮೂರು ವಾರ. ನಾನು ಹೋದಾಗ ಅದರ ಮೈಮೇಲೆ ಎರಡು ಸ್ವೆಟರ್, ಒಂದು ಉಣ್ಣೆ ಟೋಪಿ, ಸುತ್ತ ಒಂದು ದುಪ್ಪಟಿ, ಮೇಲೆ ಮಡಚಿದ ಕೌದಿ. ಬಾಗಿಲು ಕಿಟಕಿ ಎಲ್ಲ ಮುಚ್ಚಿತ್ತು. ಕೂಸು ಬೆಳಗಿನಿಂದ ಒಂದೇ ಸಮನೆ ಅಳುತ್ತಿತ್ತು. ಕೈ ತಣ್ಣಗಿದೆ, ಚಳಿಗೆ ಅಳ್ತಾ ಇದೆ ಅಂತ ಎಲ್ಲರೂ ಅಂದರು. ನಾನೂ ಹೌದು ಅಂದೆ.

ಮಧ್ಯಾಹ್ನ ಆಶಾ ಕಾರ್ಯಕರ್ತೆ ಬಂದರು. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು ನೋಡಲು ಅವರು 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರುತ್ತಾರೆ. ಇದು 21ನೇ ದಿನದ ಭೇಟಿ. ಕೈ ತೊಳೆದುಕೊಂಡು, ಎರಡೂ ಅಂಗೈಯನ್ನು ಉಜ್ಜಿ ಬಿಸಿ ಮಾಡಿಕೊಂಡರು. ಕೈಯ ಹಿಂಬದಿಯನ್ನು ಜಬಲಾದ ಒಳಗೆ ಜಾರಿಸಿ ಹೊಟ್ಟೆಯ ಮೇಲೆ ಇಟ್ಟರು. ಆಮೇಲೆ ಕಾಲುಚೀಲ ತೆಗೆದು ಅಂಗಾಲು ಮುಟ್ಟಿದರು. ಕತ್ತಿನ ಹಿಂಬದಿಗೆ ಬೆರಳು ಹಾಕಿ ನಮಗೆ ತೋರಿಸಿದರು. ಬೆರಳು ಒದ್ದೆಯಾಗಿತ್ತು. "ಇದಕ್ಕ ಥಂಡಿ ಅಲ್ರೀ, ಝಳ ಆಗ್ಯಾದ" ಅಂದರು. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟರೆ 99.8 ಫ್ಯಾರನ್‌ಹೀಟ್. ಕೌದಿ ತೆಗೆದರು, ಒಂದು ಸ್ವೆಟರ್ ತೆಗೆದರು, ಟೋಪಿ ತೆಗೆದರು. ಕೂಸು ಹಾಲು ಕುಡಿದು ನಿದ್ದೆಹೋಯಿತು. ಅರ್ಧ ಗಂಟೆ ಬಿಟ್ಟು ನೋಡಿದರೆ 98.6.

ಅಂದು ಅವರು ಕಲಿಸಿದ್ದು ಇಷ್ಟು. ಹೊಟ್ಟೆಯೂ ಬೆಚ್ಚಗೆ, ಪಾದವೂ ಬೆಚ್ಚಗೆ ಗುಲಾಬಿ ಬಣ್ಣಕ್ಕಿದ್ದರೆ ಮಗು ಹಾಯಾಗಿದೆ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಚಳಿ ತಾಗಲು ಶುರುವಾಗಿರಬಹುದು, ಒಂದು ಪದರ ಸೇರಿಸಿ ಇಲ್ಲವೇ ಎದೆಗೆ ಅಪ್ಪಿಕೊಂಡು ಮತ್ತೆ ನೋಡಬೇಕು. ಹೊಟ್ಟೆಯೇ ತಣ್ಣಗಿದ್ದರೆ ಮೈಯ ಒಳಗಿನ ಶಾಖವೇ ಇಳಿಯುತ್ತಿದೆ ಎಂದು ಅರ್ಥ, ತಡಮಾಡಬಾರದು.

ಕೈ ಯಾಕೆ ಲೆಕ್ಕಕ್ಕಿಲ್ಲ? ಎಳೆಗೂಸಿನ ಮೈ ಮೊದಲು ಮಿದುಳು, ಹೃದಯ, ಹೊಟ್ಟೆ ಕಡೆಗೆ ರಕ್ತ ಕಳಿಸುತ್ತದೆ. ಕೈಬೆರಳು ಕೊನೆಯ ಮನೆ. ನೀರು ಕಡಿಮೆಯಾದಾಗ ಕಾಲುವೆಯ ಕೊನೆಯ ಗದ್ದೆಗೆ ಮುಟ್ಟದಿರುವ ಹಾಗೆ. ಎಷ್ಟೋ ಆರೋಗ್ಯವಂತ ಕೂಸುಗಳ ಅಂಗೈ ತಣ್ಣಗೆ, ಸ್ವಲ್ಪ ನೀಲಿಯಾಗಿಯೂ ಇರುತ್ತದೆ. ಆದರೆ ತುಟಿ, ನಾಲಿಗೆ ನೀಲಿಯಾದರೆ ಅದು ಬೇರೆ ಮಾತು, ಆಗ ನೇರ ಆಸ್ಪತ್ರೆಗೆ ಹೋಗಬೇಕು.

ಕಂಕುಳಲ್ಲಿ ಅಳೆದಾಗ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್, ಅಂದರೆ ಫ್ಯಾರನ್‌ಹೀಟ್‌ನಲ್ಲಿ 97.7ರಿಂದ 99.5 ಇದ್ದರೆ ಸರಿ. ಅಂಗಡಿಯಲ್ಲಿ ಸಿಗುವ ಸಾದಾ ಡಿಜಿಟಲ್ ಥರ್ಮಾಮೀಟರ್ ಒಂದು ಮನೆಯಲ್ಲಿರಲಿ. ನಾಲ್ಕನೇ ಸ್ವೆಟರ್‌ಗೆ ಕೊಡುವ ದುಡ್ಡನ್ನು ಇದಕ್ಕೆ ಕೊಡುವುದು ಲೇಸು.

ಜಾಸ್ತಿ ಸುತ್ತಿದರೆ ಏನಾಗುತ್ತದೆ?

"ಒಂದು ಬಟ್ಟೆ ಜಾಸ್ತಿಯಾದರೆ ಏನು ಮಹಾ?" ಅನಿಸುವುದು ಸಹಜ. ಮೊದಲಿಗೆ ಬೆವರು ಬರುತ್ತದೆ, ಅದು ಬಟ್ಟೆಯನ್ನು ತೋಯಿಸುತ್ತದೆ, ಬಟ್ಟೆ ತೆಗೆದ ಕೂಡಲೇ ಮೈ ತಣ್ಣಗಾಗುತ್ತದೆ. ಕುತ್ತಿಗೆ, ಬೆನ್ನಲ್ಲಿ ಬೆವರುಸಾಲೆ ಏಳುತ್ತದೆ. ಮೈ ಬಿಸಿಯಾಗಿ ಜ್ವರ ಬಂದಂತೆ ಕಾಣುತ್ತದೆ, ಮನೆಯವರು ಸುಮ್ನೆ ಗಾಬರಿಯಾಗುತ್ತಾರೆ.

ಇದೆಲ್ಲಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಚೆನ್ನಾಗಿದ್ದ ಕೂಸು ನಿದ್ದೆಯಲ್ಲೇ ಇದ್ದಕ್ಕಿದ್ದಂತೆ ಉಸಿರು ನಿಲ್ಲಿಸುವ ದುರಂತಗಳ ಬಗ್ಗೆ ಜಗತ್ತಿನ ಹಲವೆಡೆ ದಶಕಗಳಿಂದ ಅಧ್ಯಯನ ನಡೆದಿದೆ. ಬೋರಲು ಮಲಗಿಸುವುದು, ಮುಖದ ಮೇಲೆ ಹೊದಿಕೆ ಬರುವುದು, ಹೊಗೆ, ಮೈ ಅತಿಯಾಗಿ ಬಿಸಿಯಾಗುವುದು ಇವೆಲ್ಲ ಆ ಅಪಾಯವನ್ನು ಹೆಚ್ಚಿಸುತ್ತವೆ ಎಂದು ಗೊತ್ತಾಗಿದೆ. ಬ್ರಿಟನ್ನಿನಲ್ಲಿ 1991ರಲ್ಲಿ, ಅಮೆರಿಕದಲ್ಲಿ 1994ರಲ್ಲಿ ಮಕ್ಕಳನ್ನು ಅಂಗಾತ ಮಲಗಿಸಿ ಎಂಬ ಪ್ರಚಾರ ಶುರುವಾದ ಮೇಲೆ ಇಂಥ ಸಾವುಗಳು ತುಂಬಾ ಇಳಿದವು.

ಅದಕ್ಕೇ ಮಲಗುವಾಗ ಬೆಚ್ಚನೆ ಅನ್ನುವುದು ಮೈಗೆ ತೊಟ್ಟ ಬಟ್ಟೆಯಿಂದ ಬರಲಿ, ಸಡಿಲವಾದ ರಗ್ಗಿನಿಂದ ಬೇಡ. ಕೌದಿ ಮಗುವಿನ ಕೆಳಗಿರಲಿ, ಚೆನ್ನಾಗಿ ಬಿಗಿದು ಹಾಸಿರಲಿ. ಮೇಲೆ ಹೊದಿಸಲೇಬೇಕಿದ್ದರೆ ತೆಳುವಾದದ್ದನ್ನು ಎದೆಯವರೆಗೆ ಮಾತ್ರ ಹೊದಿಸಿ, ಎರಡೂ ಬದಿ ಹಾಸಿಗೆಯ ಕೆಳಗೆ ಸಿಕ್ಕಿಸಿ. ಅಪ್ಪ ಅಮ್ಮ ಹೊದ್ದ ದಪ್ಪ ರಗ್ಗಿನೊಳಗೆ ಕೂಸನ್ನು ಎಳೆದುಕೊಳ್ಳಬೇಡಿ. ಚಳಿ ರಾತ್ರಿಯಲ್ಲಿ ಹಾಗೆ ಮಾಡಲು ಮನಸ್ಸಾಗುತ್ತದೆ, ನನಗೂ ಗೊತ್ತು. ನಿದ್ದೆಯಲ್ಲಿ ಆ ರಗ್ಗು ಎಲ್ಲಿಗೆ ಸರಿಯುತ್ತದೆ ಅನ್ನುವುದು ಯಾರಿಗೂ ಗೊತ್ತಾಗದು.

ಬಟ್ಟೆಯಲ್ಲಿ ಸುತ್ತಿ ಮಲಗಿಸುವುದಾದರೆ ತೋಳಿನ ಹತ್ತಿರ ಹಿತವಾಗಿ, ಸೊಂಟದ ಕೆಳಗೆ ಸಡಿಲವಾಗಿ ಸುತ್ತಿ. ಕಾಲು ಕಪ್ಪೆಯ ಕಾಲಿನಂತೆ ಮಡಚಿ ಅಗಲಿಸಲು ಬರಬೇಕು. ಕಾಲನ್ನು ನೇರ ಎಳೆದು ಬಿಗಿಯಾಗಿ ಕಟ್ಟಿದರೆ ಸೊಂಟದ ಕೀಲು ಸರಿಯಾಗಿ ಕೂರದೆ ಹೋಗಬಹುದು. ಮಗು ಮಗ್ಗುಲಾಗಲು ಶುರುಮಾಡಿದ ದಿನದಿಂದ ಸುತ್ತುವುದನ್ನು ನಿಲ್ಲಿಸಿ.

ಕುಲಾವಿ, ಕುಂಚಿಗೆ, ಕೈಚೀಲ

ನಮ್ಮ ಕುಲಾವಿ ಕಿವಿ ಮುಚ್ಚುತ್ತದೆ, ನೆತ್ತಿಗೆ ಕೂರುತ್ತದೆ. ಕುಂಚಿಗೆಯಂತೂ ತಲೆಯಿಂದ ಬೆನ್ನಿನವರೆಗೆ ಇಳಿಬಿದ್ದು ಗಾಳಿಗೆ ಅಡ್ಡ ನಿಲ್ಲುತ್ತದೆ. ಖಣದ ಬಟ್ಟೆಯಲ್ಲಿ ಹೊಲಿದ ಕುಂಚಿಗೆ ತೊಟ್ಟ ಕೂಸನ್ನು ನೋಡುವುದೇ ಒಂದು ಹಬ್ಬ. ದೇವಸ್ಥಾನಕ್ಕೋ ಲಸಿಕೆಗೋ ಹೊರಟಾಗ ಇವಕ್ಕಿಂತ ಒಳ್ಳೆಯದು ಬೇಕಿಲ್ಲ. ಮಲಗಿಸುವಾಗ ಮಾತ್ರ ತೆಗೆಯಿರಿ. ಗಲ್ಲದ ಕೆಳಗೆ ಕಟ್ಟುವ ದಾರ ಕುತ್ತಿಗೆಗೆ ಬಿಗಿಯಬಹುದು, ಜಾರಿದ ಟೋಪಿ ಮೂಗು ಮುಚ್ಚಬಹುದು.

ಹುಟ್ಟಿದ ಮೊದಲ ದಿನಗಳಲ್ಲಿ ಮತ್ತು ತೂಕ ಕಡಿಮೆ ಇರುವ ಕೂಸಿಗೆ ಟೋಪಿ ಬೇಕು, ಯಾಕೆಂದರೆ ಅಷ್ಟು ದೊಡ್ಡ ತಲೆಯಿಂದ ಶಾಖ ಬೇಗ ಹೋಗುತ್ತದೆ. ತಿಂಗಳು ಕಳೆದು ಮೈತುಂಬಿದ ಮಗು ಬೆಚ್ಚನೆಯ ಕೋಣೆಯಲ್ಲಿ ಮಲಗುವಾಗ ಅದೇ ತಲೆಯಿಂದಲೇ ಹೆಚ್ಚಾದ ಬಿಸಿ ಹೊರಹೋಗಬೇಕು. ಆಗ ಟೋಪಿ ಬೇಡ.

ಕೈಚೀಲ, ಕಾಲುಚೀಲವನ್ನು ತೊಡಿಸುವ ಮೊದಲು ಒಳಮೈ ಹೊರಳಿಸಿ ನೋಡಿ. ಬಿಡಿ ದಾರವೊಂದು ಬೆರಳಿಗೆ ಸುತ್ತಿಕೊಂಡರೆ ರಕ್ತ ನಿಂತುಹೋಗುತ್ತದೆ, ಕೂಸಿನ ಅಳುವಿಗೆ ಕಾರಣವೇ ತಿಳಿಯುವುದಿಲ್ಲ. ಕಿವಿಗೆ ಇಡುವ ಹತ್ತಿಯಿಂದ ಮೈ ಬೆಚ್ಚಗಾಗುವುದಿಲ್ಲ, ಅದು ಒಳಗೆ ಸರಿಯಲೂಬಹುದು.

ಸ್ನಾನದ ಹೊತ್ತು

ಚಳಿಗಾಲದಲ್ಲಿ ಕೂಸಿಗೆ ಹೆಚ್ಚು ತಂಪು ತಾಗುವುದು ನಡುರಾತ್ರಿಯಲ್ಲಿ ಅಲ್ಲ, ಸ್ನಾನ ಆದ ಮೇಲಿನ ಐದು ನಿಮಿಷದಲ್ಲಿ. ಹುಟ್ಟಿದ ಮೇಲೆ ಕನಿಷ್ಠ 24 ಗಂಟೆ ಸ್ನಾನ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಅದಕ್ಕೇ. ತೂಕ ಕಡಿಮೆ ಇದ್ದರೆ ಡಾಕ್ಟರು ಹೇಳುವವರೆಗೂ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಹಂಡೆ ಕಾಯಿಸಿ, ಕಾಲು ಚಾಚಿ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿ ನೀರು ಹಾಕುವ ಅಜ್ಜಿಯರ ಕೈಗೆ ನಾನೇನು ಹೇಳಲಿ? ಒಂದೆರಡು ಮಾತು ಮಾತ್ರ. ಬಿಸಿಲು ಏರಿದ ಮೇಲೆ, ಗಾಳಿ ಬರದ ಬಚ್ಚಲಲ್ಲಿ ಸ್ನಾನ ಆಗಲಿ. ನೀರನ್ನು ಮೊಣಕೈಯಲ್ಲಿ ನೋಡಿ. ಎಣ್ಣೆ ಹಚ್ಚುವಾಗ ಅರ್ಧ ಮೈ ಮುಚ್ಚಿಕೊಂಡೇ ಇರಲಿ. ಒಣಬಟ್ಟೆ, ಜಬಲಾ, ಟೋಪಿ ಎಲ್ಲ ತೊಡಿಸುವ ಕ್ರಮದಲ್ಲೇ ಮೊದಲೇ ಜೋಡಿಸಿಟ್ಟಿರಿ. ನೀರು ನಿಂತ ಕೂಡಲೇ ತಲೆ ಮೊದಲು ಒರೆಸಿ, ಆಮೇಲೆ ಕಂಕುಳು, ತೊಡೆಸಂದು. ಒರೆಸಿದ ಬಟ್ಟೆ ಒದ್ದೆಯಾಗಿರುತ್ತದೆ, ಅದರಲ್ಲೇ ಸುತ್ತಬೇಡಿ.

ಕೆಂಡ, ಹೊಗೆ, ಹೀಟರ್

ತೊಟ್ಟಿಲ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಡುವ ರೂಢಿ ಇನ್ನೂ ಇದೆ. ಮುಚ್ಚಿದ ಕೋಣೆಯಲ್ಲಿ ಕೆಂಡ ಉರಿಯುತ್ತಾ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಬಿಡುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಹಿಡಿದುಬಿಡುತ್ತದೆ. ಮಲಗಿದವರು ಮಲಗಿದಂತೆಯೇ ಹೋಗುತ್ತಾರೆ. ಕೋಣೆ ಬಿಸಿ ಮಾಡಲೇಬೇಕಿದ್ದರೆ ಮಗು ಇಲ್ಲದಾಗ ಕೆಂಡ ಇಟ್ಟು, ಹೊರಗೆ ತೆಗೆದು, ಗಾಳಿಯಾಡಿಸಿ, ಆಮೇಲೆ ಮಗುವನ್ನು ಒಳಗೆ ಕರೆತನ್ನಿ. ಸಾಂಬ್ರಾಣಿ, ಲೋಬಾನದ ಹೊಗೆ ಹಿತವಾದ ವಾಸನೆಯದೇ ಇರಬಹುದು, ಪುಟ್ಟ ಶ್ವಾಸಕೋಶಕ್ಕೆ ಅದೂ ಹೊಗೆಯೇ.

ಬಿಸಿನೀರಿನ ಚೀಲವನ್ನು ಮಗುವಿನ ಪಕ್ಕ ಇಡಬೇಡಿ, ಎಳೆಯ ಚರ್ಮ ಬೇಗ ಸುಡುತ್ತದೆ. ಹಾಸಿಗೆಯನ್ನು ಮೊದಲೇ ಬೆಚ್ಚಗೆ ಮಾಡಿ, ಚೀಲ ತೆಗೆದು, ಆಮೇಲೆ ಮಲಗಿಸಬಹುದು. ವಿದ್ಯುತ್ ಹೀಟರ್ ದೂರದಲ್ಲಿರಲಿ, ಅದರ ಗಾಳಿ ನೇರ ಮಗುವಿಗೆ ಬಡಿಯದಿರಲಿ.

ಹೊರಗೆ ಹೊರಟಾಗ

ಬೈಕಿನಲ್ಲಿ ಕೂಸನ್ನು ಮಧ್ಯೆ ಹಿಡಿದು ಬೆಳಗಿನ ಜಾವ ಹೋಗುವುದು ಬೇಡ. ವೇಗದ ಗಾಳಿ ಬಟ್ಟೆಯೊಳಗಿನ ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ, ಮುಖ ಮುಚ್ಚಿದರೆ ಉಸಿರಿಗೆ ತೊಂದರೆ.

ಟೊರಾಂಟೊ, ನ್ಯೂಜೆರ್ಸಿ ಕಡೆ ಇರುವ ಕನ್ನಡದ ಕುಟುಂಬಗಳಿಗೆ ಬೇರೊಂದು ಎಚ್ಚರಿಕೆ. ಉಬ್ಬಿದ ಜಾಕೆಟ್ ಹಾಕಿ ಕಾರಿನ ಮಗುಸೀಟಿನಲ್ಲಿ ಕೂರಿಸಿದರೆ ಬೆಲ್ಟ್ ಬಿಗಿಯಾದಂತೆ ಕಾಣುತ್ತದೆ. ಅಪಘಾತದಲ್ಲಿ ಜಾಕೆಟ್ ಅಮುಕಿಕೊಂಡು ಬೆಲ್ಟ್ ಸಡಿಲವಾಗುತ್ತದೆ. ಜಾಕೆಟ್ ತೆಗೆದು ಬೆಲ್ಟ್ ಹಾಕಿ, ಬೆಲ್ಟಿನ ಮೇಲೆ ಹೊದಿಸಿ. ಒಳಗೆ ಬಂದ ಕೂಡಲೇ, ಮಗು ನಿದ್ದೆಯಲ್ಲಿದ್ದರೂ, ಹೊರಗಿನ ಪದರ ಕಳಚಿ.

ಅಮ್ಮನ ಎದೆ

1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾ ನಗರದ ಆಸ್ಪತ್ರೆಯೊಂದರಲ್ಲಿ ತೂಕ ಕಡಿಮೆ ಇದ್ದ ಕೂಸುಗಳಿಗೆ ಬೆಚ್ಚನೆಯ ಯಂತ್ರಗಳು ಸಾಲುತ್ತಿರಲಿಲ್ಲ. ಎಡ್ಗರ್ ರೇ ಎಂಬ ವೈದ್ಯರು ಕೂಸುಗಳನ್ನು ತಾಯಂದಿರ ಬರಿ ಎದೆಯ ಮೇಲೆ ಇರಿಸಲು ಶುರುಮಾಡಿದರು. ಮರಿಯನ್ನು ಚೀಲದಲ್ಲಿ ಇಟ್ಟುಕೊಳ್ಳುವ ಪ್ರಾಣಿಯ ನೆನಪಿಗೆ ಅದಕ್ಕೆ ಕಾಂಗರೂ ಆರೈಕೆ ಎಂದು ಹೆಸರಾಯಿತು. 2021ರಲ್ಲಿ ಭಾರತವೂ ಸೇರಿ ಐದು ದೇಶಗಳ ಅಧ್ಯಯನವೊಂದು ಪ್ರಕಟವಾಯಿತು. ಒಂದರಿಂದ 1.8 ಕಿಲೋ ತೂಕದ ಕೂಸುಗಳನ್ನು ಹುಟ್ಟಿದ ಕೂಡಲೇ ಹೀಗೆ ಇರಿಸಿದಾಗ ಮೊದಲ ತಿಂಗಳ ಸಾವುಗಳು ಶೇ 25ರಷ್ಟು ಕಡಿಮೆಯಾದವು ಎಂದು ಅದು ತೋರಿಸಿತು. ನಮ್ಮ ಕೊಪ್ಪಳ ಜಿಲ್ಲೆಯ ಆಸ್ಪತ್ರೆಗಳಲ್ಲೂ ಇದನ್ನು ವ್ಯಾಪಕವಾಗಿ ಜಾರಿಗೆ ತರುವ ಕೆಲಸ ನಡೆದಿದೆ.

ಮನೆಯಲ್ಲಿ ಮಾಡುವುದು ಕಷ್ಟವೇನಲ್ಲ. ಮಗುವಿಗೆ ಲಂಗೋಟಿ, ಟೋಪಿ, ಕಾಲುಚೀಲ ಮಾತ್ರ. ತಾಯಿಯ ಎದೆಯ ನಡುವೆ ಕಪ್ಪೆಯ ಹಾಗೆ ನೆಟ್ಟಗೆ ಇರಿಸಿ, ಮುಖ ಒಂದು ಬದಿಗೆ ತಿರುಗಿಸಿ, ಮೂಗು ಕಾಣುವಂತಿರಲಿ. ಮೇಲಿಂದ ಮೆತ್ತನೆಯ ಸೀರೆಯಲ್ಲಿ ಬಿಗಿದು, ಶಾಲು ಹೊದಿಸಿ. ತಾಯಿಗೆ ಸುಸ್ತಾದರೆ ಅಪ್ಪನ ಎದೆ, ಅಜ್ಜಿಯ ಎದೆ ಆದೀತು. ಎದೆಯ ಮೇಲಿಟ್ಟುಕೊಂಡವರು ಎಚ್ಚರವಾಗಿರಬೇಕು, ಅಷ್ಟೆ.

ಯಾವಾಗ ಆಸ್ಪತ್ರೆಗೆ?

ಕಂಕುಳಲ್ಲಿ 36.5ಕ್ಕಿಂತ, ಅಂದರೆ 97.7 ಫ್ಯಾರನ್‌ಹೀಟ್‌ಗಿಂತ ಕಡಿಮೆ ಇದ್ದರೆ ಒದ್ದೆ ಬಟ್ಟೆ ತೆಗೆದು, ಎದೆಗೆ ಅಪ್ಪಿಕೊಂಡು, ಹಾಲು ಕೊಡಿ. ಒಂದು ಗಂಟೆಯಲ್ಲಿ ಏರದಿದ್ದರೆ ಹೊರಡಿ. ಮೈ ಬಿಸಿಯಾಗಿದ್ದರೆ ಬಟ್ಟೆ ಕಡಿಮೆ ಮಾಡಿ ಅರ್ಧ ಗಂಟೆ ಬಿಟ್ಟು ನೋಡಿ. ಆಮೇಲೂ 99.5ಕ್ಕಿಂತ ಜಾಸ್ತಿಯೇ ಇದ್ದರೆ ಡಾಕ್ಟರಿಗೆ ತೋರಿಸಿ. ಮೂರು ತಿಂಗಳೊಳಗಿನ ಮಗುವಿಗೆ 100.4 ಇದ್ದರೆ ಕಾಯುವುದು ಬೇಡವೇ ಬೇಡ.

ಹಾಲು ಕುಡಿಯುವುದನ್ನು ಬಿಟ್ಟರೆ, ಎಬ್ಬಿಸಿದರೂ ಏಳದಿದ್ದರೆ, ಅಳು ಕ್ಷೀಣವಾದರೆ, ನಿಮಿಷಕ್ಕೆ 60 ಸಲ ಅಥವಾ ಅದಕ್ಕಿಂತ ಹೆಚ್ಚು ಉಸಿರಾಡಿದರೆ, ಉಸಿರೆಳೆದಾಗ ಪಕ್ಕೆ ಒಳಗೆ ಸೆಳೆದರೆ, ಫಿಟ್ಸ್ ಬಂದರೆ ಥರ್ಮಾಮೀಟರ್ ಏನೇ ತೋರಿಸಲಿ, 108ಕ್ಕೆ ಫೋನ್ ಮಾಡಿ. ಎಳೆಗೂಸಿಗೆ ಸೋಂಕಾದಾಗ ಜ್ವರವೇ ಬರಬೇಕೆಂದಿಲ್ಲ, ಮೈ ತಣ್ಣಗಾಗಲೂಬಹುದು. ಹೋಗುವ ದಾರಿಯಲ್ಲಿ ಮಗುವನ್ನು ಸೀಟಿನ ಮೇಲೆ ಮಲಗಿಸಬೇಡಿ. ಬಟ್ಟೆಯೊಳಗೆ ಅಮ್ಮನ ಎದೆಗೆ ಅಂಟಿಸಿಕೊಂಡು, ಶಾಲು ಹೊದ್ದು, ಮೂಗು ಕಾಣುವ ಹಾಗೆ ಆಸ್ಪತ್ರೆಯ ಬಾಗಿಲವರೆಗೂ ಕರೆದೊಯ್ಯಿರಿ.